ಗೆಳೆಯರ ಮನೆಯ ಸಿಂಗಪುರ

ನನ್ನ ತಲೆಮಾರಿನ ಬೆಂಗಳೂರಿಗರಿಗೆ ಸಿಂಗಪುರವನ್ನು ಮೊದಲು ತೋರಿಸಿದವರು ದ್ವಾರಕೀಶ್. 1978ರಲ್ಲಿ ‘ಸಿಂಗಾಪುರ್‌ನಲ್ಲಿ ರಾಜಾ ಕುಳ್ಳ’ ತೆರೆಗೆ ಬಂದಾಗ, ಹೊರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಎಂಬ ಹೆಗ್ಗಳಿಕೆ ಅದರ ಜೊತೆಗೇ ಬಂದಿತ್ತು. ಅದಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು, ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಹೋಟೆಲಿನ ಟೇಬಲ್ಲಿನಿಂದ ವಿಧಾನಸೌಧದವರೆಗೆ ಎಲ್ಲೆಡೆ ಕೇಳಿಸಿತು. ಅಷ್ಟು ಹೊತ್ತಿಗಾಗಲೇ ನಗರದ ಪೂರ್ವದ ವೈಟ್‌ಫೀಲ್ಡಿನಲ್ಲಿ ಸಿಂಗಪುರದ ಪಾಲುದಾರಿಕೆಯ ಐಟಿಪಿಎಲ್ ಎದ್ದು ನಿಂತಿತ್ತು. ಪಶ್ಚಿಮದ ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆಗೆ ಅಂಥದ್ದೇನೂ ಬರಲಿಲ್ಲ. ಇಲ್ಲಿ ನಮ್ಮ ಜೊತೆ ಓದಿದವರು, ಪಕ್ಕದ ಬೀದಿಯಲ್ಲಿ ಕ್ರಿಕೆಟ್ ಆಡಿದವರು ತಾವೇ ಅಲ್ಲಿಗೆ ಕೆಲಸಕ್ಕೆ ಹೋದರು, ಮನೆ ಮಾಡಿದರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ವರ್ಷಕ್ಕೊಮ್ಮೆ ಬಂದಾಗಲೆಲ್ಲ ‘ಒಂದು ಸಲ ಬನ್ರೋ, ಒಂದು ವಾರ ಇದ್ದು ಹೋಗಿ’ ಎಂದು ಕರೆಯುತ್ತಲೇ ಇರುತ್ತಾರೆ.

ಆ ಕರೆಯನ್ನು ಒಪ್ಪಿ ಹೋಗುವವರಿಗೆ ನನ್ನದೊಂದು ಕಳಕಳಿಯ ಮಾತಿದೆ. ರಾಜಾಜಿನಗರದ ಯಾವ ಟ್ರಾವೆಲ್ಸ್ ಅಂಗಡಿಗೆ ಹೋದರೂ ನಾಲ್ಕು ರಾತ್ರಿ ಐದು ಹಗಲಿನ ಪಟ್ಟಿಯೊಂದನ್ನು ಕೈಗಿಡುತ್ತಾರೆ: ಸೆಂಟೋಸಾ, ಯೂನಿವರ್ಸಲ್ ಸ್ಟುಡಿಯೋಸ್, ಮೆರ್ಲಯನ್, ನೈಟ್ ಸಫಾರಿ. ಬೆಳಿಗ್ಗೆ ಬಸ್ಸು ಹತ್ತಿ ರಾತ್ರಿ ಇಳಿದವರು ಮೊಬೈಲ್ ತುಂಬ ಫೋಟೊ, ಮೈತುಂಬ ಆಯಾಸ ಹೊತ್ತು ಮರಳುತ್ತಾರೆ. ಗೆಳೆಯರ ಮನೆ ಇರುವವರು ಈ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ವಾರ ಸುಮ್ಮನೆ ಅಲ್ಲಿದ್ದು ಬರಬೇಕು. ಇಡೀ ದೇಶದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್, ಇತ್ತೀಚಿನವರೆಗೆ ಇದ್ದ ನಮ್ಮ ಬಿಬಿಎಂಪಿಯ ವ್ಯಾಪ್ತಿಗಿಂತ ತುಸು ಹೆಚ್ಚು, ಅಷ್ಟೇ. ಎಲ್ಲಿಗೆ ಹೋಗಬೇಕೆನಿಸಿದರೂ ತಿಂಡಿ ತಿಂದು ಹೊರಟು ಊಟಕ್ಕೆ ಮನೆಗೆ ಬರಬಹುದು. ಆತುರಪಡುವುದಕ್ಕೆ ಕಾರಣವೇ ಇಲ್ಲದ ದೇಶ ಅದು.

ಮೊದಲಿಗೆ ಅಲ್ಲಿನ ಹೊತ್ತಿಗೆ ಹೊಂದಿಕೊಳ್ಳಬೇಕು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಭೂಪಟದ ಪ್ರಕಾರ ಅದು ಅಷ್ಟು ಮುಂದಿರಬೇಕಿಲ್ಲ. 1982ರಲ್ಲಿ ಮಲೇಷ್ಯಾ ತನ್ನ ಎರಡೂ ಭಾಗಗಳಿಗೆ ಒಂದೇ ವೇಳೆ ನಿಗದಿ ಮಾಡಿದಾಗ ಸಿಂಗಪುರವೂ ಅದನ್ನೇ ಅನುಸರಿಸಿತು. ಹೀಗಾಗಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳರ ಸುಮಾರಿಗೆ, ಮುಳುಗುವುದು ಸಂಜೆ ಏಳರ ಸುಮಾರಿಗೆ. ಭೂಮಧ್ಯರೇಖೆ ಕೂಗಳತೆಯಲ್ಲಿರುವುದರಿಂದ ವರ್ಷವಿಡೀ ಈ ಲೆಕ್ಕ ಹೆಚ್ಚು ಕದಲುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಹುಟ್ಟಿ ಬೆಳೆದ ಬೆಂಗಳೂರಿನ ಮೈಗೆ ಅಲ್ಲಿನ ತೇವದ ಸೆಖೆ ಎರಡು ದಿನ ಕಾಡುತ್ತದೆ. ಊರಿನವರು ಇದಕ್ಕೆ ಮಾಡಿಕೊಂಡ ಏರ್ಪಾಡೆಂದರೆ ಬೆಳಗಿನಲ್ಲಿ ತಿರುಗಾಡು, ನಡು ಮಧ್ಯಾಹ್ನ ನೆರಳು, ಸಂಜೆ ಮತ್ತೆ ಹೊರಗೆ. ಗುಡುಗಿನ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬಂದು ಹೋಗುತ್ತದೆ. ಗೆಳೆಯರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೊರಟುಹೋದ ಮೇಲೆ ಅತಿಥಿಗೆ ಸಿಗುವ ಖಾಲಿ ಹಗಲು ಈ ವಾರದ ದೊಡ್ಡ ಸಂಪತ್ತು.

ಗೆಳೆಯರ ಮನೆ ಹೆಚ್ಚಾಗಿ ಎಚ್‌ಡಿಬಿ ಕಟ್ಟಡದ ಹತ್ತನೆಯದೋ ಹನ್ನೆರಡನೆಯದೋ ಮಹಡಿಯಲ್ಲಿರುತ್ತದೆ. 1960ರ ಫೆಬ್ರುವರಿಯಲ್ಲಿ ಶುರುವಾದ ಈ ವಸತಿ ಮಂಡಳಿಯ ಮನೆಗಳಲ್ಲಿ ಇಂದು ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಬದುಕುತ್ತಾರೆ. ಮಂಡಳಿ ಹುಟ್ಟಿದ ಮರುವರ್ಷವೇ, 1961ರ ಮೇ ತಿಂಗಳಲ್ಲಿ, ಬುಕಿತ್ ಹೋ ಸ್ವೀ ಎಂಬ ಜೋಪಡಿ ಬಡಾವಣೆ ಹೊತ್ತಿ ಉರಿದು ಹದಿನಾರು ಸಾವಿರದಷ್ಟು ಜನ ಬೀದಿಗೆ ಬಿದ್ದರು. ಅವರಿಗೆ ಬೇಗ ಸೂರು ಕಟ್ಟಿಕೊಟ್ಟದ್ದೇ ಮಂಡಳಿಯ ಮೇಲಿನ ಜನರ ನಂಬಿಕೆಗೆ ಬುನಾದಿಯಾಯಿತು. ಮನೆ ಕೊಂಡವರಿಗೆ ದೊರೆಯುವುದು 99 ವರ್ಷದ ಗುತ್ತಿಗೆ.

ಪಶ್ಚಿಮ ಬೆಂಗಳೂರಿನವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಮ್ಮಲ್ಲಿ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, ಅಂದರೆ ಹಿರಿಯರು ಈಗಲೂ ಹೇಳುವ ಸಿಐಟಿಬಿ ಹುಟ್ಟಿತು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ರಾಜಾಜಿನಗರದ ಬ್ಲಾಕುಗಳಿಂದ ಕೆಂಗೇರಿ ಉಪನಗರದವರೆಗೆ ನಮ್ಮ ಬಡಾವಣೆಗಳು ಬೆಳೆದದ್ದು ಬಹುಮಟ್ಟಿಗೆ ಸೈಟುಗಳ ಲೆಕ್ಕದಲ್ಲಿ. ಮೂವತ್ತು ನಲವತ್ತರ ಸೈಟು ಸಿಕ್ಕಿತೆಂದರೆ ಜನ್ಮ ಸಾರ್ಥಕ ಎಂದು ನಂಬಿದ ಮನೆತನಗಳು ನಮ್ಮವು. ಹೀಗೆ ನೆಲವನ್ನು ಹಂಚಿಕೊಂಡೆವು. ಹಂಚಿ ಉಳಿದದ್ದು ರಸ್ತೆ, ಮೂಲೆಯಲ್ಲೊಂದು ಪಾರ್ಕು. ಆ ಪಾರ್ಕಿಗೂ ಮಧ್ಯಾಹ್ನ ಬೀಗ ಬೀಳುವುದನ್ನು ಬಹಳ ವರ್ಷ ಕಂಡವರು ನಾವು. ಸಿಂಗಪುರದವರು ಮನೆಗಳನ್ನು ಒಂದರ ಮೇಲೊಂದು ಪೇರಿಸಿ ಕೆಳಗಿನ ನೆಲವನ್ನು ಎಲ್ಲರಿಗೂ ಬಿಟ್ಟರು. ಕಟ್ಟಡದ ನೆಲಮಟ್ಟದಲ್ಲಿ ಗೋಡೆಯಿಲ್ಲದ, ಬರೀ ಕಂಬಗಳ ವಿಶಾಲ ಜಾಗವೊಂದಿರುತ್ತದೆ; ವಾಯ್ಡ್ ಡೆಕ್ ಎನ್ನುತ್ತಾರೆ. ಮಲಯ ಮದುವೆಯ ಊಟವೂ ಅಲ್ಲೇ, ಚೀನೀ ಕುಟುಂಬದ ಸಾವಿನ ವಿಧಿಯೂ ಅಲ್ಲೇ, ಅಜ್ಜಂದಿರ ಚದುರಂಗವೂ ಅಲ್ಲೇ. ಮಧ್ಯಾಹ್ನದ ಮಳೆ ಸುರಿಯುವಾಗ ಆ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಆ ದೇಶದ ಬಗ್ಗೆ ಸೆಂಟೋಸಾ ಹೇಳದ ಸಂಗತಿಗಳು ತಿಳಿಯುತ್ತವೆ. ಇಂತಿಂಥ ಸಮುದಾಯದವರು ಒಂದೇ ಕಟ್ಟಡದಲ್ಲಿ ಗುಂಪುಗೂಡದಂತೆ 1989ರಿಂದ ಪಾಲು ನಿಗದಿಯಾಗಿದೆ. ಗೆಳತಿಯ ಮನೆ ಬಾಗಿಲಲ್ಲಿ ರಂಗೋಲಿ, ಎದುರು ಮನೆಯ ಬಾಗಿಲಲ್ಲಿ ಕೆಂಪು ಚೀನೀ ಬರಹ, ಅದರಾಚೆ ಮಲಯ ಮನೆಯ ಮುಂದೆ ಸಾಲು ಚಪ್ಪಲಿ: ಒಂದೇ ಕಾರಿಡಾರಿನಲ್ಲಿ ಈ ಮೂರೂ ಇರುವುದು ಕಾಕತಾಳೀಯವಲ್ಲ, ಕಾನೂನು ಹಾಗೆ ಮಾಡಿಟ್ಟಿದೆ.

ಹೊಟ್ಟೆಯ ವಿಚಾರ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹಾಕರ್ ಸೆಂಟರ್ ಇದ್ದೇ ಇರುತ್ತದೆ: ಒಂದೇ ಸೂರಿನಡಿ ಹತ್ತಾರು ಸಣ್ಣ ಅಂಗಡಿ, ಒಂದೊಂದರಲ್ಲೂ ಒಂದೆರಡೇ ತಿನಿಸು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಒಂದು ಕಾಲಕ್ಕೆ ಬೀದಿ ಬದಿಯಲ್ಲಿ ಗಾಡಿ ಇಟ್ಟುಕೊಂಡಿದ್ದ ವ್ಯಾಪಾರಿಗಳನ್ನು 1970 ಮತ್ತು 80ರ ದಶಕಗಳಲ್ಲಿ ನೀರು, ಒಳಚರಂಡಿ ಸೌಕರ್ಯವಿರುವ ಈ ಕಟ್ಟಡಗಳಿಗೆ ತಂದರು. 2020ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ ಅಲ್ಲಿನವರು ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟು ಜಾಗ ಹಿಡಿಯುತ್ತಾರೆ. ಅದನ್ನು ಯಾರೂ ಸರಿಸುವುದಿಲ್ಲ. ತಿಂದ ತಟ್ಟೆಯನ್ನು ನಾವೇ ಒಯ್ದು ಇಡಬೇಕು, 2021ರಿಂದ ಇದು ಕಡ್ಡಾಯ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಅನೇಕ ಕಡೆ ಬೌದ್ಧ ಪದ್ಧತಿಯ ಚೀನೀ ಸಸ್ಯಾಹಾರದ ಅಂಗಡಿ ಇರುತ್ತದೆ, ಆದರೂ ಮೊದಲೇ ಕೇಳಿಕೊಳ್ಳುವುದು ಮೇಲು. ಅಲ್ಲಿನ ಕಾಫಿಯನ್ನು ಮಾತ್ರ ಬಿಡಬೇಡಿ. ಬೀಜವನ್ನು ಸಕ್ಕರೆ, ಬೆಣ್ಣೆ ಸೇರಿಸಿ ಕಪ್ಪಗೆ ಹುರಿದು, ಉದ್ದನೆಯ ಬಟ್ಟೆಯ ಸೋಸುಚೀಲದಲ್ಲಿ ಇಳಿಸಿ, ಗಟ್ಟಿ ಸಿಹಿ ಹಾಲು ಬೆರೆಸಿ ಕೊಡುತ್ತಾರೆ. ಬರೀ ‘ಕೋಪಿ’ ಎಂದರೆ ಇದು. ‘ಕೋಪಿ ಓ’ ಎಂದರೆ ಹಾಲಿಲ್ಲ, ‘ಕೋಸೋಂಗ್’ ಸೇರಿಸಿದರೆ ಸಕ್ಕರೆಯೂ ಇಲ್ಲ. ಚಿಕೋರಿ ಬೆರೆತ ಫಿಲ್ಟರ್ ಕಾಫಿಯ ನಾಲಿಗೆಗೆ ಮೊದಲ ಗುಟುಕು ಅಪರಿಚಿತ, ವಾರದ ಕೊನೆಗೆ ಅದೇ ಬೇಕೆನಿಸುತ್ತದೆ.

2024ರಲ್ಲಿ ವಿಜಯನಗರ ಮೆಟ್ರೊ ನಿಲ್ದಾಣದ ಬಳಿ ನೆಲದಡಿಯಲ್ಲಿ ತೆರೆದ ಕೃಷ್ಣದೇವರಾಯ ಪಾಲಿಕೆ ಬಜಾರ್ ಹಾಕರ್ ಸೆಂಟರಿನ ದಿಕ್ಕಿನಲ್ಲೇ ಇಟ್ಟ ಹೆಜ್ಜೆ ಎಂದು ನನಗನಿಸುತ್ತದೆ. ಬೀದಿ ವ್ಯಾಪಾರಿಯನ್ನು ಓಡಿಸದೆ ಅವನಿಗೊಂದು ಗೌರವದ ಜಾಗ ಕೊಡುವ ಕೆಲಸ ಕಷ್ಟದ್ದು, ದಶಕಗಳ ತಾಳ್ಮೆ ಬೇಡುವಂಥದ್ದು.

ಮನೆಯೂಟದ ನೆನಪು ಕಾಡಿದರೆ ಸೆರಂಗೂನ್ ರಸ್ತೆ ಇದೆ. ಲಿಟಲ್ ಇಂಡಿಯಾ ಎಂದು ಕರೆಯುವ ಈ ಪ್ರದೇಶದಲ್ಲಿ ಕೋಮಲ ವಿಲಾಸ 1947ರಿಂದ ದೋಸೆ ಹುಯ್ಯುತ್ತಿದೆ. ಮುಂದೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ, ಲಾಲ್‌ಬಾಗ್ ರಸ್ತೆಯ ನಮ್ಮ ಎಂಟಿಆರ್ 2013ರಲ್ಲಿ ತೆರೆದ ಶಾಖೆಯಿದೆ; ರವೆ ಇಡ್ಲಿ ಅಲ್ಲೂ ಸಿಗುತ್ತದೆ. ಭಾನುವಾರ ಸಂಜೆ ಈ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಮಿಳುನಾಡಿನಿಂದ, ಬಾಂಗ್ಲಾದೇಶದಿಂದ ಬಂದ ಕಟ್ಟಡ ಕಾರ್ಮಿಕರಿಗೆ ವಾರದಲ್ಲಿ ಅದೊಂದೇ ಬಿಡುವು. ನಾವು ಮೆಚ್ಚಿ ನೋಡುವ ಗೋಪುರಗಳನ್ನೂ ಸುರಂಗಗಳನ್ನೂ ಕಟ್ಟಿದವರು ಅವರು. ಊರ ಅಂಚಿನ ವಸತಿಗೃಹಗಳಲ್ಲಿ, ಒಂದು ಕೋಣೆಯಲ್ಲಿ ಹಲವರಂತೆ ಮಲಗುವವರೂ ಅವರೇ. 2020ರ ಕೋವಿಡ್ ಅಲೆ ಅಲ್ಲಿ ಅತಿ ಹೆಚ್ಚು ಬಡಿದದ್ದು ಆ ವಸತಿಗೃಹಗಳನ್ನೇ. ಸಿಂಗಪುರವನ್ನು ಹೊಗಳುವ ಯಾರೂ ಈ ಭಾನುವಾರದ ಬೀದಿಯನ್ನು ನೋಡದೆ ಬರಬಾರದು.

ಅಲ್ಲಿನ ಕನ್ನಡ ಕುಟುಂಬಗಳ ಬದುಕಿನಲ್ಲಿ ಭಾಷೆಯ ಪ್ರಶ್ನೆ ಸದ್ದಿಲ್ಲದೆ ಇದೆ. ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ಆ ದೇಶದ ನಾಲ್ಕು ಅಧಿಕೃತ ಭಾಷೆಗಳು. ಶಾಲೆಯಲ್ಲಿ ಪ್ರತಿ ಮಗುವೂ ಇಂಗ್ಲಿಷ್ ಜೊತೆಗೆ ಒಂದು ‘ಮಾತೃಭಾಷೆ’ ಕಲಿಯಬೇಕು. ಭಾರತೀಯ ಮಕ್ಕಳಿಗೆ ತಮಿಳಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಈ ಐದಕ್ಕೆ ಅವಕಾಶವಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬಸವೇಶ್ವರನಗರದ ಅಜ್ಜಿಯ ಮೊಮ್ಮಗು ಶಾಲೆಯಲ್ಲಿ ಹಿಂದಿಯನ್ನೋ ತಮಿಳನ್ನೋ ಕಲಿಯುತ್ತದೆ, ಕನ್ನಡ ಅಡುಗೆಮನೆಯಲ್ಲಿ, ವಿಡಿಯೊ ಕರೆಯಲ್ಲಿ ಉಳಿಯುತ್ತದೆ. 1996ರಲ್ಲಿ ಹುಟ್ಟಿದ ಅಲ್ಲಿನ ಕನ್ನಡ ಸಂಘ ಯುಗಾದಿ, ರಾಜ್ಯೋತ್ಸವಗಳಿಗೆ ಜನರನ್ನು ಒಂದುಗೂಡಿಸುವುದರ ಹಿಂದಿನ ಒತ್ತಾಸೆ ಇದೇ ಇರಬೇಕು. ಅತಿಥಿಯಾಗಿ ಹೋದವರು ಆ ಮಗುವಿನ ಜೊತೆ ವಾರವಿಡೀ ಕನ್ನಡದಲ್ಲಿ ಹರಟಿ ಬಂದರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಕಿಲ್ಲ. ನಮ್ಮ ಮನೆಗಳಲ್ಲಿ ರಾತ್ರಿ ಹೇಳುವ ಕತೆಗಳು ಅಲ್ಲಿನ ಮಕ್ಕಳಿಗೆ ಇನ್ನೂ ಬೇಕು. ನಾಲ್ಕನೇ ರಾತ್ರಿಯ ಹೊತ್ತಿಗೆ ‘ಇನ್ನೊಂದು’ ಎಂಬ ಒತ್ತಾಯ ಕನ್ನಡದಲ್ಲೇ ಬರುತ್ತದೆ.

ನಡೆಯುವುದಕ್ಕೆ ಎಲ್ಲಿಗೆ ಹೋಗಬೇಕೆಂದರೆ ನಾನು ಮೊದಲು ಹೇಳುವುದು ಸಸ್ಯೋದ್ಯಾನದ ಹೆಸರನ್ನು. 1859ರಲ್ಲಿ ಶುರುವಾದ ಈ ತೋಟಕ್ಕೆ 2015ರಲ್ಲಿ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿತು. ಬೆಳಿಗ್ಗೆ ಐದರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ, ಆರ್ಕಿಡ್ ತೋಟ ಬಿಟ್ಟರೆ ಪ್ರವೇಶ ಉಚಿತ. ಲಾಲ್‌ಬಾಗ್ ನೋಡಿ ಬೆಳೆದವರಿಗೆ ಅದು ನೆಂಟರ ಮನೆ ಇದ್ದಂತೆ ಕಾಣುತ್ತದೆ. ಇಡೀ ಆಗ್ನೇಯ ಏಷ್ಯಾದ ಬದುಕನ್ನು ಬದಲಿಸಿದ ರಬ್ಬರ್ ಕೃಷಿಯ ಪ್ರಯೋಗಗಳನ್ನು ಹೆನ್ರಿ ರಿಡ್ಲಿ ಇಲ್ಲೇ ನಡೆಸಿದರು. ಇನ್ನೊಂದು ದಿನ ಪುಲಾವ್ ಉಬಿನ್ ದ್ವೀಪಕ್ಕೆ. ಚಾಂಗಿ ದಕ್ಕೆಯಲ್ಲಿ ಹನ್ನೆರಡು ಜನ ಕೂಡಿದರೆ ಮರದ ದೋಣಿ ಹೊರಡುತ್ತದೆ. ಗೋಪುರಗಳಿಲ್ಲದ ಹಳೆಯ ಸಿಂಗಪುರ ಅಲ್ಲಿದೆ: ತಗಡಿನ ಮಾಡಿನ ಮನೆ, ಡೂರಿಯನ್ ಮರ, ಸೈಕಲ್ ದಾರಿ. ದ್ವೀಪದ ಪೂರ್ವ ತುದಿಯ ಚೆಕ್ ಜಾವಾ ಎಂಬ ಜೌಗುನೆಲವನ್ನು ಮಣ್ಣು ತುಂಬಿ ಮುಚ್ಚುವ ಯೋಜನೆ ಇತ್ತು. ನಿಸರ್ಗಪ್ರೇಮಿಗಳು ಒತ್ತಾಯಿಸಿದ ಮೇಲೆ 2001ರ ಕೊನೆಗೆ ಸರ್ಕಾರ ಅದನ್ನು ತಡೆಹಿಡಿಯಿತು.

ಇದೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ಬಿಶಾನ್–ಆಂಗ್ ಮೋ ಕಿಯೋ ಪಾರ್ಕಿಗೆ ಕೊಡಿ. ಪ್ರವಾಸದ ಪಟ್ಟಿಗಳಲ್ಲಿ ಅದು ಸಿಗುವುದು ಕಡಿಮೆ. ಸಿಂಗಪುರದ ಅತಿ ಉದ್ದದ ನದಿ ಕಲ್ಲಾಂಗ್. ಉದ್ದ ಹತ್ತು ಕಿಲೋಮೀಟರ್ ಅಷ್ಟೇ. ಪ್ರವಾಹ ತಡೆಯಲೆಂದು ಅದನ್ನು ನೆಟ್ಟಗಿನ ಕಾಂಕ್ರೀಟ್ ಕಾಲುವೆಯನ್ನಾಗಿ ಮಾಡಿದ್ದರು. ಪಾರ್ಕಿನ ಪಕ್ಕದಲ್ಲೇ ಹರಿಯುತ್ತಿದ್ದರೂ ನಡುವೆ ಬೇಲಿ ಇತ್ತು. 2012ರಲ್ಲಿ ಮುಗಿದ ಕಾಮಗಾರಿಯಲ್ಲಿ 2.7 ಕಿಲೋಮೀಟರಿನ ಆ ನೇರ ಕಾಲುವೆಯನ್ನು ಒಡೆದು, ಅದೇ ನೀರನ್ನು ಪಾರ್ಕಿನ ನಡುವೆ 3.2 ಕಿಲೋಮೀಟರ್ ಅಂಕುಡೊಂಕಾಗಿ ಹರಿಯಬಿಟ್ಟರು. ದಂಡೆಯನ್ನು ಗಿಡದ ಬೇರು, ಕಲ್ಲು, ಮಣ್ಣಿನಿಂದಲೇ ಹಿಡಿದಿಟ್ಟರು. ಒಡೆದ ಕಾಂಕ್ರೀಟನ್ನು ಪಾರ್ಕಿನ ಒಂದು ದಿಬ್ಬಕ್ಕೆ ಬಳಸಿದರು. ಮಳೆ ಜೋರಾದಾಗ ನದಿ ಹುಲ್ಲುಗಾವಲಿನ ಮೇಲೆ ಹರಡಿಕೊಳ್ಳುತ್ತದೆ. ಎಚ್ಚರಿಕೆಯ ದೀಪ, ಸೈರನ್ ಮೊಳಗಿದೊಡನೆ ಜನ ಮೇಲಕ್ಕೆ ಬರುತ್ತಾರೆ. ಮಳೆ ಇಳಿದ ಮೇಲೆ ಮಕ್ಕಳು ಮತ್ತೆ ನೀರಿಗಿಳಿದು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಾರೆ. ಕೆಲವು ವರ್ಷಗಳಲ್ಲಿ ನೀರುನಾಯಿಗಳು ತಾವಾಗಿಯೇ ಬಂದು ಸಂಸಾರ ಹೂಡಿದವು.

ಈ ದಂಡೆಯಲ್ಲಿ ಕೂತ ವಿಜಯನಗರದ ಯಾರಿಗಾದರೂ ವೃಷಭಾವತಿ ನೆನಪಾಗದೆ ಇರಲಾರದು. ಬಸವನಗುಡಿಯ ದೊಡ್ಡ ಬಸವನ ಅಡಿಯಲ್ಲಿ ಹುಟ್ಟುತ್ತಾಳೆ ಎಂದು ನಂಬಿರುವ ನದಿ ಅದು. ಇನ್ನೊಂದು ಕವಲು ಮಲ್ಲೇಶ್ವರದ ಕಡೆಯಿಂದ ಇಳಿಯುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮಳೆನೀರೆಲ್ಲ ಸೇರುವ ಕಣಿವೆ ಅವಳದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯನ್ನು ದಾಟಿ, ನಾಯಂಡಹಳ್ಳಿ, ಕೆಂಗೇರಿ ಹಾದು, ಬಿಡದಿ ಬಳಿಯ ಬೈರಮಂಗಲದ ಕೆರೆ ತುಂಬಿ, ಮುಂದೆ ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರುತ್ತಾಳೆ. ಆ ಹಾದಿಯಲ್ಲಿ ನಮ್ಮ ಬಚ್ಚಲು, ಶೌಚ, ಕಾರ್ಖಾನೆಗಳ ರೊಚ್ಚು ಎಲ್ಲವನ್ನೂ ಹೊತ್ತಳು. ಅವಳಿಗೆ ನೀರುಣಿಸುತ್ತಿದ್ದ ಕೆರೆಗಳೂ ಹೋದವು: ಕೇತಮಾರನಹಳ್ಳಿ ಕೆರೆಯ ಮೇಲೆ ಬಡಾವಣೆ ಬಂತು, ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ಹೊಸ ಪೀಳಿಗೆಗೆ ಅದು ನದಿಯೆಂದೇ ಗೊತ್ತಿಲ್ಲ. ‘ಮೈಸೂರು ರೋಡ್ ಮೋರಿ’ ಎನ್ನುತ್ತಾರೆ.

ಕಲ್ಲಾಂಗ್ ಕೂಡ ಹೀಗೇ ಇತ್ತು ಎಂಬುದನ್ನು ತಿಳಿದರೆ ಎದೆಗೆ ಸ್ವಲ್ಪ ಧೈರ್ಯ ಬರುತ್ತದೆ. 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಸಿಂಗಪುರ ನದಿಯನ್ನೂ ಕಲ್ಲಾಂಗ್ ಕಣಿವೆಯನ್ನೂ ಹತ್ತು ವರ್ಷದಲ್ಲಿ ಶುಚಿ ಮಾಡಬೇಕೆಂದರು. ಕೆಲಸ ಶುರುವಾದದ್ದು ದಂಡೆಯ ಸಿಂಗಾರದಿಂದಲ್ಲ. ಮೇಲ್ಗಣಿವೆಯ ಹಂದಿ, ಬಾತುಕೋಳಿ ಸಾಕಣೆಗಳನ್ನು ತೆಗೆದರು, ಜೋಪಡಿಗಳಲ್ಲಿದ್ದ ಸಾವಿರಾರು ಕುಟುಂಬಗಳಿಗೆ ಮನೆ ಕೊಟ್ಟರು, ಮನೆಗಳ ಕೊಳಚೆಯನ್ನು ಒಳಚರಂಡಿಗೆ ಜೋಡಿಸಿದರು, ಬೀದಿ ವ್ಯಾಪಾರಿಗಳನ್ನು ಹಾಕರ್ ಸೆಂಟರುಗಳಿಗೆ ತಂದರು, 1983ರಲ್ಲಿ ಸರಕು ದೋಣಿಗಳನ್ನು ಬೇರೆ ದಕ್ಕೆಗೆ ಕಳಿಸಿದರು. ಆಮೇಲೆ ಹೂಳೆತ್ತಿದರು. 1987ಕ್ಕೆ ಈ ಘಟ್ಟ ಮುಗಿಯಿತು. ಅದಾದ ಕಾಲು ಶತಮಾನದ ನಂತರ ಬಿಶಾನಿನ ಹುಲ್ಲುದಂಡೆ ಬಂದದ್ದು. ತಲೆಮಾರುಗಳಿಂದ ದೋಣಿಯಲ್ಲಿ, ಹೊಲದಲ್ಲಿ ಬದುಕಿದ್ದವರಿಗೆ ಆ ಹತ್ತು ವರ್ಷ ನೋವಿನ ಕಾಲವೂ ಆಗಿತ್ತು. ಆದರೆ ಆ ಕ್ರಮ ಸರಿಯಾಗಿತ್ತು: ಮೊದಲು ಕೊಳಚೆಯ ಬಾಯಿ ಮುಚ್ಚಬೇಕು, ಆಮೇಲೆ ದಂಡೆ. ನಮ್ಮಲ್ಲಿ ರಾಜಕಾಲುವೆಗೆ ತಡೆಗೋಡೆ ಕಟ್ಟುವ ಹುಮ್ಮಸ್ಸು ಕಾಣುತ್ತದೆ. ರಾಜಾಜಿನಗರದ ಯಾವ ಬೀದಿಯ ಕೊಳವೆ ಇನ್ನೂ ಕಾಲುವೆಗೇ ಬೀಳುತ್ತಿದೆ ಎಂದು ಹುಡುಕಿ ಸರಿಪಡಿಸುವ ಕೆಲಸಕ್ಕೂ ಅಷ್ಟೇ ಹುಮ್ಮಸ್ಸು ಬೇಕು. ಸಿಂಗಪುರಕ್ಕೆ ಈ ಕಾಳಜಿ ಹುಟ್ಟಿದ್ದು ಬಾಯಾರಿಕೆಯಿಂದ. ನೆರೆಯ ಜೊಹೊರ್‌ನಿಂದ ನೀರು ತರುವ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅದಕ್ಕೇ ಮೂರರಲ್ಲಿ ಎರಡು ಪಾಲು ನೆಲದ ಮೇಲೆ ಬಿದ್ದ ಮಳೆಯನ್ನು ಹಿಡಿದು ಜಲಾಶಯಗಳಿಗೆ ಹರಿಸುತ್ತಾರೆ, ಬಳಸಿದ ನೀರನ್ನು ಶುದ್ಧಿ ಮಾಡಿ 2003ರಿಂದ ಮತ್ತೆ ಬಳಸುತ್ತಾರೆ. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತುವ ನಮಗೆ ಇದಕ್ಕಿಂತ ಕಡಿಮೆ ಬಾಯಾರಿಕೆಯೇನೂ ಇಲ್ಲ.

ಹೊರಡುವವರಿಗೆ ಕೆಲವು ವಿಷಯ. ಭಾರತೀಯರಿಗೆ ಮುಂಚಿತವಾಗಿ ವೀಸಾ ಬೇಕು. ಅಲ್ಲಿನ ಪೌರತ್ವ ಅಥವಾ ಶಾಶ್ವತ ವಾಸದ ಪರವಾನಗಿ ಇರುವ ಗೆಳೆಯರು ಸ್ಥಳೀಯ ಪರಿಚಿತರಾಗಿ ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ತಲುಪುವ ಮೊದಲಿನ ಮೂರು ದಿನದೊಳಗೆ ಆಗಮನ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಗೆಳತಿ ಕೇಳಿದಳೆಂದು ರಾಗಿಹಿಟ್ಟು, ಹುರಿಗಡಲೆ, ಕೋಡುಬಳೆ ಕಟ್ಟಿಕೊಳ್ಳಿ, ಆದರೆ ಗಸಗಸೆ ಬೇಡವೇ ಬೇಡ. ನಮ್ಮ ಪಾಯಸದ ಗಸಗಸೆ ಅಲ್ಲಿ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಯಲ್ಲಿ ಅದು ಸೇರಿದೆಯೇ ಎಂದು ಅಮ್ಮನನ್ನು ಕೇಳಿ ತಿಳಿಯಿರಿ. ಚೂಯಿಂಗ್ ಗಮ್, ಜಗಿಯುವ ತಂಬಾಕು, ಇ-ಸಿಗರೇಟು ಕೂಡ ಬೇಡ. ಕೆಂಗೇರಿ ಕಡೆಯವರು ದೇವನಹಳ್ಳಿ ತಲುಪಲು ಎರಡು ಗಂಟೆಗೂ ಹೆಚ್ಚು ಇಟ್ಟುಕೊಳ್ಳಿ. ವಿಮಾನದ ಹಾದಿ ನಾಲ್ಕೂವರೆ ಗಂಟೆಯಷ್ಟು. ಟಿಕೆಟ್ ತೆಗೆಯುವ ಮುನ್ನ ಮಕ್ಕಳ ಶಾಲೆಯ ರಜೆ ವಿಚಾರಿಸಿ: ಮಾರ್ಚ್, ಸೆಪ್ಟೆಂಬರಿನಲ್ಲಿ ವಾರದ ಬಿಡುವು, ಜೂನಿನಲ್ಲಿ ತಿಂಗಳು. ನವೆಂಬರ್ ಕೊನೆಯಿಂದ ಡಿಸೆಂಬರ್ ಪೂರ್ತಿ ದೊಡ್ಡ ರಜೆ, ಆಗ ಹೋಗಬೇಡಿ. ಅಲ್ಲಿ ಈಶಾನ್ಯ ಮಾರುತದ ಮಳೆ, ಗೆಳೆಯರೂ ಮನೆಯಲ್ಲಿರುವುದಿಲ್ಲ. ಅವರೆಲ್ಲ ಆಗ ಇಲ್ಲಿಗೆ ಬರುತ್ತಾರೆ.

ನಮ್ಮ ಗೆಳೆಯರೂ ಈ ಡಿಸೆಂಬರಿನಲ್ಲಿ ಬರುತ್ತಿದ್ದಾರೆ. ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ಯೋಚಿಸಿಟ್ಟಿದ್ದೇನೆ. ರಾಜಾಜಿನಗರದಿಂದ ಹಸಿರು ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿಳಿದು, ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥಕ್ಕೆ ಮೊದಲು ಹೋಗಬೇಕು. ನಂದಿಯ ಬಾಯಿಂದ ಬೀಳುವ ಆ ನೀರೇ ವೃಷಭಾವತಿಯ ಒಂದು ಮೂಲ ಎಂದು ಅಲ್ಲಿನವರು ಹೇಳುತ್ತಾರೆ. ಇನ್ನೊಂದು ಬೆಳಿಗ್ಗೆ ಜ್ಞಾನಭಾರತಿಯ ಕಾಡಿನ ದಾರಿಗಳಲ್ಲಿ ನಡೆಯುವುದು, ನವಿಲು ಕಾಣಬಹುದು. ಅಲ್ಲಿಂದ ನೇರಳೆ ಮೆಟ್ರೊದಲ್ಲಿ ಕೆಂಗೇರಿಯವರೆಗೆ ಹೋಗಿ ಬರುವುದು. ಮೈಸೂರು ರಸ್ತೆಯ ಉದ್ದಕ್ಕೂ ಕಿಟಕಿಯಾಚೆ ನದಿ ಕಾಣುತ್ತದೆ, ನೊರೆಯಿದ್ದರೆ ನೊರೆಯ ಸಮೇತ. ಬಿಶಾನಿನಲ್ಲಿ ನೀರಿಗಿಳಿದು ಆಡುವ ಮಕ್ಕಳಿಗೆ ನಮ್ಮ ನದಿಯನ್ನೂ ತೋರಿಸುತ್ತೇನೆ, ಹೆಸರು ಹೇಳಿ, ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕನ್ನಡದಲ್ಲೇ ವಿವರಿಸಿ.